ಘಟ್ಟವೇರುವ ಮುನ್ನ

ಬೆಳ್ಳಾರೆಯಂಥ ಊರಿನಲ್ಲಿ ನಮ್ಮ ಸಮಾಜದ ಮನೆಗಳನ್ನು ಬೆರಳ ಮೇಲೆ ಎಣಿಸಬಹುದು. ನೌಕರಿ, ವ್ಯಾಪಾರಗಳ ನಿಮಿತ್ತ ಘಟ್ಟದ ಮೇಲಿನಿಂದ ಇಳಿದು ಬಂದು, ಅಡಿಕೆ ತೋಟಗಳ ನಡುವೆ ನೆಲೆ ನಿಂತ ನಾವು ಮೂರು ಮನೆಯವರು ತಿಂಗಳಿಗೊಮ್ಮೆ ಒಂದೆಡೆ ಸೇರಿ ಸಾಮೂಹಿಕ ಪೂಜೆ, ವಚನಪಠಣ, ಪ್ರಸಾದಗಳನ್ನು ನಡೆಸಿಕೊಂಡು ಬಂದಿದ್ದೇವೆ. ಕೆಲವು ತಿಂಗಳುಗಳಿಂದ ಪ್ರಸಾದದ ನಂತರದ ನಮ್ಮ ಮಾತುಕತೆಯೆಲ್ಲವೂ ಒಂದೇ ವಿಷಯದ ಸುತ್ತ ಸುತ್ತುತ್ತಿದೆ. ಬೆಳ್ಳಾರೆಯಿಂದ ಹೊರಟು, ಪಂಜ, ಸುಬ್ರಹ್ಮಣ್ಯಗಳನ್ನು ದಾಟಿ, ಬಿಸಿಲೆ ಘಟ್ಟವನ್ನೇರಿ ಶನಿವಾರಸಂತೆಯನ್ನು ಮುಟ್ಟುವ ಎರಡು ದಿನಗಳ ಸೈಕಲ್ ಪ್ರಯಾಣ. ನಡುವಣ ಒಂದು ರಾತ್ರಿ ಘಟ್ಟದ ನೆತ್ತಿಯ ಬಿಡಾರವೊಂದರಲ್ಲಿ ವಸತಿ. ಹೋಗುವವರು ಎಂಟು ಜನ: ಇಬ್ಬರು ಹಿರಿಯರು, ಇಬ್ಬರು ತಾಯಂದಿರು, ನಾಲ್ವರು ಮಕ್ಕಳು. ಬರುವ ಸಂಕ್ರಾಂತಿ ಕಳೆದ ಮೇಲಿನ ಶನಿವಾರ, ಭಾನುವಾರಗಳನ್ನು ಗೊತ್ತುಮಾಡಿದ್ದೇವೆ. ಶನಿವಾರಸಂತೆಗೆ ಭಾನುವಾರ ತಲುಪಿದರೆ ಸಂತೆಯ ಪಾಡೇನೆಂದು ಮಕ್ಕಳು ಈಗಾಗಲೇ ನಗೆಯಾಡುತ್ತಿದ್ದಾರೆ.

ಅಷ್ಟು ದೂರದ ಶನಿವಾರಸಂತೆಯೇ ಏಕೆ ಎಂದು ಓದುಗ ಬಂಧುಗಳು ಕೇಳಬಹುದು. ಅದಕ್ಕೆ ಉತ್ತರ ನಮ್ಮ ಬೆಳ್ಳಾರೆಯ ಚರಿತ್ರೆಯಲ್ಲಿದೆ. ಈ ಸೀಮೆ ಒಂದು ಕಾಲಕ್ಕೆ ಕೊಡಗಿನ ಹಾಲೇರಿ ಅರಸರ ಆಳ್ವಿಕೆಗೆ ಸೇರಿತ್ತು. ಹಾಲೇರಿಯವರು ಲಿಂಗವಂತರು. 1834ರಲ್ಲಿ ಇಂಗ್ಲಿಷರು ಕಡೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತಮ್ಮದಾಗಿಸಿಕೊಂಡರು. ಘಟ್ಟದ ಕೆಳಗಿನ ಈ ಭಾಗವನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಅರಸರ ಕಾಲದಲ್ಲಿ ಬೆಳೆದ ಬೆಳೆಯಲ್ಲಿಯೇ ಕಂದಾಯ ಸಲ್ಲಿಸುತ್ತಿದ್ದ ರೈತನು ಇನ್ನು ಮುಂದೆ ನಗದು ಹಣದಲ್ಲಿಯೇ ಕಟ್ಟಬೇಕೆಂದಾಯಿತು. ಹಣವನ್ನೇ ಅಪರೂಪಕ್ಕೆ ಕಾಣುತ್ತಿದ್ದ ಒಕ್ಕಲಿಗೆ ಇದು ಸಹಿಸಲಾರದ ಹೊರೆಯಾಯಿತು. 1837ರಲ್ಲಿ ಕೆದಂಬಾಡಿ ರಾಮಯ್ಯಗೌಡರ ಮುಂದಾಳುತನದಲ್ಲಿ ರೈತರು ದಂಗೆಯೆದ್ದರು. ಜನರನ್ನೆಲ್ಲ ಒಂದುಗೂಡಿಸಲು ಅರಸು ಮನೆತನದ ಹೆಸರೊಂದು ಬೇಕಾಗಿತ್ತು. ಆಗ ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪನೆಂಬ ಲಿಂಗಾಯತ ರೈತನು ಜಂಗಮವೇಷ ಧರಿಸಿ, ಕಲ್ಯಾಣಸ್ವಾಮಿ ಎಂಬ ಹೆಸರಿನಿಂದ ದಂಡಿನ ನಾಯಕನಾದನು.

ಆ ದಂಡು ಮೊದಲು ಕೈಹಾಕಿದ್ದು ಬೆಳ್ಳಾರೆಯ ಖಜಾನೆಗೆ. ಅಲ್ಲಿಂದ ಪುತ್ತೂರು, ಬಂಟ್ವಾಳಗಳ ದಾರಿಯಾಗಿ ನಡೆದು 1837ರ ಏಪ್ರಿಲ್ 5ರಂದು ಮಂಗಳೂರನ್ನು ವಶಪಡಿಸಿಕೊಂಡು, ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜವನ್ನು ಹಾರಿಸಿದರು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಇಂಗ್ಲಿಷರ ಸೈನ್ಯ ಬಂದಿತು, ದಂಗೆ ಮುರಿಯಿತು, ಪುಟ್ಟಬಸಪ್ಪನನ್ನು ಮಂಗಳೂರಿನಲ್ಲಿ ಗಲ್ಲಿಗೇರಿಸಿದರು. 1857ರ ಮಹಾ ದಂಗೆಗೆ ಇಪ್ಪತ್ತು ವರ್ಷ ಮೊದಲೇ ನಡೆದ ಈ ಹೋರಾಟದಲ್ಲಿ ಗೌಡರು, ಬಂಟರು, ಜೈನರು, ಬ್ರಾಹ್ಮಣರು, ಮುಸಲ್ಮಾನರು, ಲಿಂಗಾಯತರು ಎಲ್ಲರೂ ಇದ್ದರು. 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಪ್ರತಿಮೆ ಅನಾವರಣಗೊಂಡಾಗ ನಮ್ಮ ಮಕ್ಕಳು ಕೇಳಿದ ಪ್ರಶ್ನೆಯೇ ಈ ಪ್ರಯಾಣದ ಬೀಜ: ಘಟ್ಟದ ಮೇಲಿನ ಒಬ್ಬ ರೈತ ಇಷ್ಟು ದೂರ ಇಳಿದು ಬಂದು, ತನ್ನದಲ್ಲದ ಹೆಸರು ಹೊತ್ತು, ಪ್ರಾಣ ಕೊಟ್ಟದ್ದೇಕೆ? ಪುಸ್ತಕದಿಂದ ಇದಕ್ಕೆ ಅರ್ಧ ಉತ್ತರ ಸಿಕ್ಕೀತು. ಆ ದೂರ ಎಷ್ಟೆಂಬುದನ್ನು ಕಾಲಿನಿಂದಲೇ ಅಳೆದರೆ ಉಳಿದರ್ಧವೂ ತಿಳಿದೀತೆಂಬುದು ನಮ್ಮ ಭಾವನೆ.

ಸೈಕಲ್ಲನ್ನು ಆರಿಸಿಕೊಂಡದ್ದಕ್ಕೂ ಕಾರಣವಿದೆ. ಬಸ್ಸಿನಲ್ಲಿ ಘಟ್ಟವೆಂಬುದು ಒಂದು ನಿದ್ದೆಯಲ್ಲಿ ಮುಗಿಯುತ್ತದೆ. ಕಾಲ್ನಡಿಗೆಗೆ ನಾಲ್ಕಾರು ದಿನ ಬೇಕು, ರಜೆ ಯಾರಿಗಿದೆ? ಇವೆರಡರ ನಡುವಿನದು ಸೈಕಲ್ಲು. ಬೆಟ್ಟದ ಸೈಕಲ್ಲುಗಳೆಂದು ಈಗ ಪೇಟೆಗಳಲ್ಲಿ ಮಾರಾಟವಾಗುವ ಗೇರಿನ ಸೈಕಲ್ಲುಗಳ ಹುಟ್ಟು 1970ರ ದಶಕದ್ದು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ತರುಣರು ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಗುಡ್ಡದ ಮಣ್ಣುದಾರಿಗಳಿಗೆ ಒಗ್ಗಿಸಿಕೊಂಡದ್ದರಿಂದ ಆ ಕುಲ ಬೆಳೆಯಿತು. ನಮ್ಮ ಎಂಟು ಸೈಕಲ್ಲುಗಳಲ್ಲಿ ಐದು ಅಂಥವು. ಉಳಿದ ಮೂರು ಗೇರಿಲ್ಲದವು. ಅವುಗಳಲ್ಲೊಂದು ಸರ್ಕಾರ 2006-07ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಕೊಡುತ್ತಿದ್ದ ಸೈಕಲ್ಲು. ಹೊಸದನ್ನು ಕೊಳ್ಳುವ ಯೋಚನೆಯನ್ನು ನಾವು ಮಾಡಲಿಲ್ಲ. ಗೇರಿಲ್ಲದ ಸೈಕಲ್ಲನ್ನು ಏರಿನಲ್ಲಿ ಇಳಿದು ನೂಕಿಕೊಂಡು ಹೋದರಾಯಿತು, ನೂಕುವುದೂ ಪ್ರಯಾಣವೇ. ನಮಗೆ ಬೇಕಾದದ್ದು ವೇಗವಲ್ಲ.

ಒಂದು ವಿಷಯದಲ್ಲಿ ಮಾತ್ರ ಮಕ್ಕಳಿಗೂ ನಮಗೂ ಚರ್ಚೆ ನಡೆಯಿತು. ಸೈಕಲ್ಲುಗಳನ್ನು ವಾಹನದಲ್ಲಿ ಮೇಲಕ್ಕೆ ಸಾಗಿಸಿ, ಅಲ್ಲಿಂದ ಘಟ್ಟವನ್ನು ಇಳಿದುಬಿಡೋಣವೆಂಬುದು ಹುಡುಗರ ಆಸೆ. ಇಳಿಜಾರಿನ ಸುಖವನ್ನು ನಾವೂ ಬಲ್ಲೆವು. ಆದರೆ ಗಂಟೆಗಟ್ಟಲೆ ಬ್ರೇಕು ಹಿಡಿದೇ ಇಳಿದರೆ ಕೈಬೆರಳು ಮರಗಟ್ಟುತ್ತವೆ. ರಿಮ್ಮಿಗೆ ಒತ್ತುವ ರಬ್ಬರು ಕಾದು ಸವೆಯುತ್ತದೆ. ತಿರುವಿನಲ್ಲಿ ಎದುರಿಗೆ ಲಾರಿ ಬಂದರೆ ನಿಲ್ಲಲು ಅವಕಾಶವಿರುವುದಿಲ್ಲ. ಏರುವವನಿಗೆ ದಣಿವಾದರೆ ನಿಂತರೆ ಸಾಕು. ಇಳಿಯುವವನಿಗೆ ನಿಲ್ಲುವುದೇ ಕಷ್ಟ. ಆದುದರಿಂದ ಏರುವುದೆಂದೇ ತೀರ್ಮಾನವಾಯಿತು. ಹಿಂದಿರುಗುವಾಗ ಸೈಕಲ್ಲುಗಳಿಗೊಂದು ಪಿಕಪ್ ವಾಹನ, ನಮಗೆ ಬಸ್ಸು.

ದಾರಿಯ ಲೆಕ್ಕವನ್ನು ಹೀಗೆ ಹಾಕಿದ್ದೇವೆ. ಬೆಳ್ಳಾರೆಯಿಂದ ಸುಬ್ರಹ್ಮಣ್ಯಕ್ಕೆ ಸುಮಾರು 35 ಕಿ.ಮೀ. ತೋಟ, ಹೊಳೆ, ರಬ್ಬರು ಕಾಡುಗಳ ನಡುವಿನ ಏರಿಳಿತದ ದಾರಿ. ಗಂಟೆಗೆ 12 ಕಿ.ಮೀ.ಯಂತೆ ಮೂರು ಗಂಟೆ. ಸುಬ್ರಹ್ಮಣ್ಯದ ಬಳಿಯ ಕುಲ್ಕುಂದದಿಂದ ಬಿಸಿಲೆಗೆ ಸುಮಾರು 25 ಕಿ.ಮೀ. ಇದು ಶುದ್ಧ ಘಟ್ಟ. ನಡೆದು, ನೂಕಿ, ಅಲ್ಲಲ್ಲಿ ತುಳಿದು ಹೋದರೆ ಗಂಟೆಗೆ 5 ಕಿ.ಮೀ.ಗಿಂತ ಹೆಚ್ಚಿನ ನಿರೀಕ್ಷೆ ಇಟ್ಟುಕೊಳ್ಳಬಾರದು. ಅಂದರೆ ಐದು ಗಂಟೆ. ವಿಶ್ರಾಂತಿಗೆ ಒಂದು ಗಂಟೆ ಸೇರಿಸಿದರೆ, ಬೆಳಿಗ್ಗೆ 7ಕ್ಕೆ ಹೊರಟವರು ಸಂಜೆ 4ಕ್ಕೆ ಬಿಡಾರದಲ್ಲಿರಬೇಕು. ಎರಡನೆಯ ದಿನ ಮಂಕನಹಳ್ಳಿ, ವಣಗೂರು, ಯಸಳೂರುಗಳ ಕಡೆಯಿಂದ ಕಾಫಿ ತೋಟ, ಗದ್ದೆಬಯಲುಗಳ ನಡುವೆ ಸಾಗಿ ಮಧ್ಯಾಹ್ನದ ಪ್ರಸಾದದ ಹೊತ್ತಿಗೆ ಶನಿವಾರಸಂತೆ. ಅಲ್ಲಿ ನಮ್ಮೊಬ್ಬರ ಬೀಗರ ಮನೆಯಿದೆ.

ಬೆಳಿಗ್ಗೆ ಐದಕ್ಕೇ ಹೊರಟರೆ ತಂಪಿನಲ್ಲಿ ದಾರಿ ಸಾಗುತ್ತದೆಂಬುದು ಮೊದಲಿನ ಆಲೋಚನೆಯಾಗಿತ್ತು. ಅದನ್ನು ಬದಲಿಸಿದ್ದು ಆನೆ. 2023ರ ಫೆಬ್ರವರಿಯಲ್ಲಿ ಪಕ್ಕದ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ, ಮುಂಜಾನೆ ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟಿದ್ದ ತರುಣಿಯೊಬ್ಬಳೂ ಅವಳ ಕೂಗು ಕೇಳಿ ಓಡಿ ಬಂದ ನೆರೆಯವರೊಬ್ಬರೂ ಕಾಡಾನೆಯ ತುಳಿತಕ್ಕೆ ಬಲಿಯಾದರು. ಘಟ್ಟದ ಮೇಲೆ ಸಕಲೇಶಪುರ, ಆಲೂರು, ಯಸಳೂರುಗಳ ಸೀಮೆಯಲ್ಲಂತೂ ಆನೆಯ ಭಯ ದಿನನಿತ್ಯದ್ದು. ಆನೆಯನ್ನು ದೂಷಿಸಿ ಫಲವಿಲ್ಲ. ಅದರ ದಾರಿಯಲ್ಲಿ ನಾವು ತೋಟ, ರಸ್ತೆ, ಕಾಲುವೆಗಳನ್ನು ಮಾಡಿಕೊಂಡಿದ್ದೇವೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಅದು ನಡೆದಾಡುವ ಹೊತ್ತಿಗೆ ನಾವು ದಾರಿಯಲ್ಲಿರಬಾರದು, ಅಷ್ಟೆ. ಆದುದರಿಂದ ಚೆನ್ನಾಗಿ ಬೆಳಕು ಹರಿದ ಮೇಲೆಯೇ ಹೊರಡುವುದು, ಬೆಳಕಿರುವಾಗಲೇ ಬಾಗಿಲು ಹಾಕಿಕೊಳ್ಳುವುದು. ಸೈಕಲ್ಲಿಗೆ ಸದ್ದಿಲ್ಲದಿರುವುದು ಇತರ ಕಡೆ ಗುಣ; ಕಾಡಿನ ತಿರುವಿನಲ್ಲಿ ಅದೇ ಅಪಾಯ. ಎದುರಾದ ಮೇಲೆಯೇ ಆನೆಗೂ ನಮಗೂ ತಿಳಿಯುತ್ತದೆ. ಆದ್ದರಿಂದ ತಿರುವುಗಳಲ್ಲಿ ಗಂಟೆ ಬಾರಿಸುತ್ತ, ಮಾತನಾಡುತ್ತ ಹೋಗುವುದೆಂದು ಗೊತ್ತಾಗಿದೆ. ಅರಣ್ಯ ಇಲಾಖೆಯ 1926, ತುರ್ತು ನೆರವಿನ 112 ಈ ಎರಡು ಸಂಖ್ಯೆಗಳನ್ನು ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಘಟ್ಟದೊಳಗೆ ಮೊಬೈಲಿನ ಸಂಪರ್ಕವನ್ನು ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ, ಹೊರಡುವ ಮೊದಲೇ ಅರಣ್ಯ ಕಚೇರಿಗೆ ನಮ್ಮ ದಾರಿ, ಸಮಯ, ಜನರ ಸಂಖ್ಯೆಯನ್ನು ತಿಳಿಸಿ, ಅವರು ಬೇಡವೆಂದರೆ ಹೋಗದಿರುವುದೆಂದೂ ನಿಶ್ಚಯಿಸಿದ್ದೇವೆ.

ವಸತಿಯ ವಿಷಯ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಚಾರಣಿಗರಿಗಾಗಿಯೇ ಕಟ್ಟಿದ ಗುಡಿಸಲುಗಳ ಸಾಲು ಇದೆ. ಒಂದರಿಂದ ಇನ್ನೊಂದಕ್ಕೆ ಒಂದು ದಿನದ ನಡಿಗೆ. ನಮ್ಮ ಘಟ್ಟಗಳಲ್ಲಿ ಅಂಥ ಏರ್ಪಾಡಿಲ್ಲ. ಕುಮಾರಪರ್ವತದ ದಾರಿಯ ಗಿರಿಗದ್ದೆಯಲ್ಲಿ ಚಾರಣಿಗರಿಗೆ ಅನ್ನ ನೀಡಿದ ಭಟ್ಟರ ಮನೆಯಂಥ ಆಶ್ರಯಗಳು ಬೆಳೆದದ್ದು ಒಂದೊಂದು ಮನೆತನದ ಔದಾರ್ಯದಿಂದ. ಹುಡುಗರು ಕಾಡಿನಲ್ಲಿಯೇ ಡೇರೆ ಹಾಕೋಣವೆಂದರು. ಕಾಯ್ದಿಟ್ಟ ಅರಣ್ಯದಲ್ಲಿ ಅಪ್ಪಣೆಯಿಲ್ಲದೆ ತಂಗುವುದು, ಬೆಂಕಿ ಹಾಕುವುದು ಅಪರಾಧ. ಅಪರಾಧವಲ್ಲದಿದ್ದರೂ ಆನೆಯ ದಾರಿಯಲ್ಲಿ ಬಟ್ಟೆಯ ಮನೆ ಮನೆಯಲ್ಲ. ಕೊನೆಗೆ ಬಿಸಿಲೆಯ ಕಡೆ ತೋಟವಿರುವ ಪರಿಚಿತರೊಬ್ಬರು, ಏಲಕ್ಕಿ ಬಿಡಿಸುವ ದಿನಗಳಲ್ಲಿ ಆಳುಗಳು ತಂಗುವ ತಮ್ಮ ಬಿಡಾರವನ್ನು ಒಂದು ರಾತ್ರಿಗೆ ಬಿಟ್ಟುಕೊಡಲು ಒಪ್ಪಿದರು. ಒಂದೇ ಕೋಣೆ, ಹೆಂಚಿನ ಸೂರು, ಮಣ್ಣಿನ ಗೋಡೆ, ಹೊರಗೆ ಒಲೆ, ಹತ್ತು ಹೆಜ್ಜೆಯಲ್ಲಿ ನೀರಿನ ತೊಟ್ಟಿ. ಹಣ ತೆಗೆದುಕೊಳ್ಳುವುದಿಲ್ಲವೆಂದರು. ಹಾಗಾದರೆ ಸೂರಿನ ಒಡೆದ ಹೆಂಚುಗಳನ್ನು ಬದಲಿಸಿ, ಅಂಗಳ ಗುಡಿಸಿ ಬರುತ್ತೇವೆಂದೆವು. ಕಾಯಕವಿಲ್ಲದೆ ಉಂಡು ಮಲಗುವುದು ನಮಗೂ ಒಗ್ಗುವುದಿಲ್ಲ.

ಇಷ್ಟೆಲ್ಲ ಸಿದ್ಧವಾಗುತ್ತಿದ್ದಾಗ, ಧಾರವಾಡ ಕಡೆಯಿಂದ ಬಂದು ಮಗನ ಮನೆಯಲ್ಲಿರುವ ಅಜ್ಜಿಯವರು ಒಂದೇ ಪ್ರಶ್ನೆ ಕೇಳಿದರು: “ಅಲ್ರಪಾ, ಪೂಜಿ ಎಲ್ಲಿ ಮಾಡ್ತೀರಿ?”

ನಾವು ಯೋಚಿಸಿದಷ್ಟೂ ಆ ಪ್ರಶ್ನೆಯಲ್ಲಿಯೇ ಉತ್ತರವಿದ್ದಂತೆ ಕಂಡಿತು. ದೇವರನ್ನು ಎದೆಯ ಮೇಲೆ ಕರಡಿಗೆಯಲ್ಲಿ ಧರಿಸಿ ಹೊರಟವರಿಗೆ ಗುಡಿಯ ಬಾಗಿಲು ತೆರೆಯುವ ಹೊತ್ತನ್ನು ಕಾಯಬೇಕಾದ ಅಗತ್ಯವಿಲ್ಲ. ಎಡಗೈಯೇ ಪೀಠ, ಒಂದು ತಂಬಿಗೆ ನೀರು, ಚಿಟಿಕೆ ವಿಭೂತಿ, ದಾರಿಬದಿಯ ಒಂದು ಹೂವು ಸಾಕು. ಹನ್ನೆರಡನೆಯ ಶತಮಾನದ ಶರಣರು ಇಷ್ಟಲಿಂಗವನ್ನು ಕೈಗಿತ್ತದ್ದರಲ್ಲಿ ಆಳವಾದ ತತ್ತ್ವವಿದೆ. ಜೊತೆಗೆ ದಾರಿಹೋಕನ ಮೇಲಿನ ಕರುಣೆಯೂ ಇದೆಯೆಂದು ನಮಗನಿಸುತ್ತದೆ. ದುಡಿಯುವವರು, ದೋಣಿ ನಡೆಸುವವರು, ದನ ಕಾಯುವವರು ಇದ್ದಲ್ಲಿಯೇ ಪೂಜಿಸಬಹುದಾದ ದೇವರು ಅದು. ಸ್ಥಾವರಕ್ಕಿಂತ ಜಂಗಮವನ್ನು ಮೇಲಿರಿಸಿದ ಧರ್ಮದವರು ಪ್ರಯಾಣಕ್ಕೆ ಅಂಜುವುದುಂಟೆ?

ಆದರೂ ಒಂದು ನಿಜವಾದ ತೊಡಕಿತ್ತು. ನಮ್ಮಲ್ಲಿ ಒಬ್ಬರು ಐವತ್ತೆಂಟು ವರ್ಷದವರು, ಸಕ್ಕರೆ ಕಾಯಿಲೆಯುಳ್ಳವರು, ಪೂಜೆಯಾಗದೆ ಬಾಯಿಗೆ ನೀರು ಹಾಕದ ನೇಮದವರು. ವೈದ್ಯರನ್ನು ಕೇಳಿದಾಗ, ಬರಿಹೊಟ್ಟೆಯಲ್ಲಿ ಸೈಕಲ್ ತುಳಿಯಕೂಡದು, ಎರಡೆರಡು ಗಂಟೆಗೆ ಏನಾದರೂ ತಿನ್ನಬೇಕು, ಕಿಸೆಯಲ್ಲಿ ಬೆಲ್ಲವೋ ಸಕ್ಕರೆಯೋ ಇರಲೇಬೇಕು, ಮೈ ಬೆವರಿ ಕೈ ನಡುಗಿದರೆ ಒಡನೆ ತಿಂದು ಕುಳಿತುಕೊಳ್ಳಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದರು. ಹಾಗಾಗಿ ಎರಡೂ ದಿನ ಬೆಳಿಗ್ಗೆ 5.30ಕ್ಕೆ ಎಲ್ಲರೂ ಎದ್ದು, ಪೂಜೆ, ಪ್ರಸಾದಗಳನ್ನು ಮುಗಿಸಿಯೇ ಸೈಕಲ್ಲು ಮುಟ್ಟುವುದು. ಒಬ್ಬರ ಅನುಕೂಲಕ್ಕೆ ಎಂಟು ಜನ ಏಳುವುದು ಹೊರೆಯಲ್ಲವೇ ಎಂದು ಅವರು ಸಂಕೋಚಪಟ್ಟರು. ಹೊರೆಯಲ್ಲ. ಬೆಳಕು ಬರುವ ಮುನ್ನ ಬಿಡಾರದಲ್ಲಿ ಎಂಟು ಕೈಗಳ ಮೇಲೆ ಎಂಟು ಲಿಂಗಗಳಿರುವ ಆ ಗಳಿಗೆಗಾಗಿ ನಾವು ಈಗಲೇ ಕಾತರರಾಗಿದ್ದೇವೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಪದವಿಪೂರ್ವ ತರಗತಿಯಲ್ಲಿ ಓದುವ ಮಗಳೊಬ್ಬಳು ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಿದ್ದಳು. ಅವಳ ತಾಯಿ ಬೇಡವೆಂದರು. ಹುಡುಗಿ, ಕಾಡು, ರಾತ್ರಿ, ಪರರ ಬಿಡಾರ. ತಾಯಿಯ ಹೆದರಿಕೆಯನ್ನು ನಾವು ಹಗುರಾಗಿ ಕಾಣಲಾರೆವು. ಗಂಡುಮಕ್ಕಳಿಗೆ ಕೇಳದ ಪ್ರಶ್ನೆಯನ್ನು ಅವಳಿಗೆ ಮಾತ್ರ ಕೇಳಿದರೆ, ತಿಂಗಳು ತಿಂಗಳೂ ನಾವು ಓದುವ ವಚನಗಳಿಗೆ ಏನರ್ಥ ಎಂಬ ಮಾತೂ ಬಂದಿತು. ಉಡುತಡಿಯ ಅಕ್ಕ ಒಬ್ಬಳೇ ಕಲ್ಯಾಣಕ್ಕೆ ನಡೆದಳು, ಅಲ್ಲಿಂದ ಶ್ರೀಶೈಲಕ್ಕೆ ನಡೆದಳು. ಅದನ್ನು ನಾವು ಮಹಿಮೆಯೆಂದು ಕೊಂಡಾಡುತ್ತೇವೆ. ನಮ್ಮ ಮನೆಯ ಹುಡುಗಿ ಎಂಟು ಜನರ ನಡುವೆ ಅರವತ್ತು ಕಿಲೋಮೀಟರು ಹೊರಟರೆ ಬೆಚ್ಚಿಬೀಳುತ್ತೇವೆ. ಎರಡು ಸಭೆಗಳಲ್ಲಿ ಈ ಮಾತು ಹರಿಯಲಿಲ್ಲ. ಮೂರನೆಯದರಲ್ಲಿ ಅಜ್ಜಿಯವರೇ ಸೊಸೆಗೆ ಹೇಳಿದರು: “ಅಕಿನ್ನ ಕಳಸೂದು ಬ್ಯಾಡಂದ್ರ ನೀನ ಕರಕೊಂಡು ಹೋಗು.”

ಆ ಮಾತು ಎಲ್ಲವನ್ನೂ ಬದಲಿಸಿತು. ಶಾಲೆಯ ದಿನಗಳ ನಂತರ ಸೈಕಲ್ಲನ್ನೇ ಮುಟ್ಟದಿದ್ದ ಆ ತಾಯಿ ಈಗ ನಿತ್ಯ ಬೆಳಿಗ್ಗೆ ನಿಂತಿಕಲ್ಲಿನ ದಾರಿಯಲ್ಲಿ ಅಭ್ಯಾಸ ಮಾಡುತ್ತಿದ್ದಾರೆ. ಮೊದಲ ವಾರ ಎರಡು ಕಿ.ಮೀ.ಗೆ ಕಾಲು ಸೋತಿತ್ತು; ಈಗ ಹನ್ನೆರಡು ಕಿ.ಮೀ. ಆಗುತ್ತದೆ. ಅವರಿಗೆ ಜೊತೆಯಾಗಲೆಂದು ಇನ್ನೊಂದು ಮನೆಯ ತಾಯಿಯೂ ಸೇರಿದರು. ಹೆದರಿಕೆ ಹೋಗಿದೆಯೆಂದಲ್ಲ. ಅದನ್ನು ಅವರು ತಮ್ಮ ಜೊತೆಯಲ್ಲಿಯೇ ಕರೆದೊಯ್ಯುತ್ತಿದ್ದಾರೆ.

ಪ್ರಯಾಣದ ಕಟ್ಟಳೆಗಳು ಮೂರೇ. ಮೊದಲನೆಯದು, ಎಲ್ಲರಿಗಿಂತ ನಿಧಾನವಾದವರು ಮುಂದೆ, ಬಲಶಾಲಿಗಳು ಹಿಂದೆ. ವೇಗವುಳ್ಳವರು ಮುಂದಾದರೆ ಕಾದು ವಿಶ್ರಾಂತಿ ಪಡೆಯುತ್ತಾರೆ. ಹಿಂದುಳಿದವರು ತಲುಪಿದೊಡನೆ ಅವರು ಎದ್ದು ಹೊರಡುತ್ತಾರೆ. ಹೀಗೆ ದಣಿದವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಸಮಾಜದಲ್ಲಿ ನಡೆಯುವುದೂ ಇದೇ ಅಲ್ಲವೆ? ಎರಡನೆಯದು, ಮಧ್ಯಾಹ್ನ ಒಂದೂವರೆಗೆ ಘಟ್ಟದ ಅರ್ಧ ದಾಟಿರದಿದ್ದರೆ ಯಾವ ವಾದವೂ ಇಲ್ಲದೆ ಸುಬ್ರಹ್ಮಣ್ಯಕ್ಕೆ ಹಿಂದಿರುಗುವುದು. ಈ ತೀರ್ಮಾನವನ್ನು ಮನೆಯಲ್ಲಿ ಕುಳಿತೇ ಮಾಡಬೇಕು. ದಾರಿಯಲ್ಲಿ ದಣಿದ ಮನಸ್ಸು ಇನ್ನು ಸ್ವಲ್ಪವೇ ಎಂದು ತನ್ನನ್ನು ತಾನೇ ವಂಚಿಸಿಕೊಳ್ಳುತ್ತದೆ. ಮೂರನೆಯದು, ಒಬ್ಬರು ಹಿಂದಿರುಗಬೇಕಾದರೆ ಎಲ್ಲರೂ ಹಿಂದಿರುಗುವುದು.

ಹೊರೆಯ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ತಲಾ ಒಂದು ಚೀಲ, ಒಂದು ಕಂಬಳಿ, ಒಂದು ಜೊತೆ ಬಟ್ಟೆ, ಎರಡು ಲೀಟರು ನೀರು. ಎಲ್ಲರಿಗೂ ಸೇರಿ ಒಂದು ಪಂಪು, ಪಂಕ್ಚರು ತೇಪೆಯ ಡಬ್ಬಿ, ಎರಡು ಟ್ಯೂಬು, ಒಂದು ಬ್ರೇಕಿನ ತಂತಿ, ಸ್ಪ್ಯಾನರು. ಟ್ಯೂಬು ಬದಲಿಸುವುದನ್ನು ತಾಯಂದಿರೂ ಸೇರಿ ಎಂಟು ಜನರೂ ಕಲಿತಿದ್ದೇವೆ. ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಬೆಲ್ಲ. ಈ ರೊಟ್ಟಿ ಕೆಡದು, ಒದ್ದೆಯಾಗದು, ತೂಕವಿಲ್ಲ. ದೂರ ಪ್ರಯಾಣದ ಬುತ್ತಿಯನ್ನು ನಮ್ಮ ಹಿರಿಯರು ಎಂದೋ ಕಂಡುಹಿಡಿದು ಇಟ್ಟಿದ್ದಾರೆ. ತಂದ ಪ್ಲಾಸ್ಟಿಕ್ಕನ್ನೆಲ್ಲ ಹಿಂದಕ್ಕೆ ಹೊತ್ತು ತರುವುದು. ಘಟ್ಟದ ಅತ್ತಣ ಪುಷ್ಪಗಿರಿ ವನ್ಯಧಾಮವು 2012ರಲ್ಲಿ ಯುನೆಸ್ಕೋ ಜಾಗತಿಕ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟಗಳ ಭಾಗ. ಲೋಕವೇ ಗೌರವಿಸುವ ಕಾಡನ್ನು ನಾವು ನಮ್ಮ ಬುತ್ತಿಯ ಕಸದಿಂದ ಕೆಡಿಸಬಾರದು.

ಕಾಲವನ್ನೂ ಆಲೋಚಿಸಿಯೇ ಆರಿಸಿದ್ದೇವೆ. ಮಳೆಗಾಲದ ಘಟ್ಟ ಉಂಬಳಗಳ ರಾಜ್ಯ. ಅದಕ್ಕಿಂತ ಭಯಂಕರವಾದದ್ದು ಗುಡ್ಡ ಕುಸಿತ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಮಡಿಕೇರಿ ರಸ್ತೆ ಕಡಿದುಹೋದದ್ದನ್ನು ಸುಳ್ಯದ ಸೀಮೆಯವರು ಮರೆಯಲಾರರು. ಮಾರ್ಗಶಿರದ ಚಂಪಾಷಷ್ಠಿಗೆ ಸುಬ್ರಹ್ಮಣ್ಯದ ದಾರಿಗಳು ತುಂಬಿರುತ್ತವೆ. ಮಾರ್ಚ್ ಬಂದರೆ ಬಿಸಿಲು, ಕಾಡ್ಗಿಚ್ಚು. ಸಂಕ್ರಾಂತಿಯ ಸುಮಾರಿಗೆ ಗಾಳಿ ತಂಪು, ದಾರಿ ಒಣ, ತೊರೆಗಳಲ್ಲಿ ಇನ್ನೂ ನೀರು.

ಬಿಸಿಲೆಯನ್ನು ದಾಟಿ ಮಂಕನಹಳ್ಳಿಯ ಬಳಿ ಒಂದು ಕಲ್ಲಿದೆ. ಅದರ ಒಂದು ಪಕ್ಕಕ್ಕೆ ಬಿದ್ದ ಮಳೆನೀರು ಕುಮಾರಧಾರೆ, ನೇತ್ರಾವತಿಗಳನ್ನು ಸೇರಿ ಪಡುವಣ ಕಡಲಿಗೆ ಹೋಗುತ್ತದೆ. ಇನ್ನೊಂದು ಪಕ್ಕಕ್ಕೆ ಬಿದ್ದದ್ದು ಹೇಮಾವತಿ, ಕಾವೇರಿಗಳ ಮೂಲಕ ಮೂಡಣ ಕಡಲಿಗೆ. ಎರಡನೆಯ ದಿನ ಬೆಳಿಗ್ಗೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುವುದೆಂದು ಬರೆದಿಟ್ಟಿದ್ದೇವೆ. ಘಟ್ಟದ ಮೇಲಿನವರು, ಕೆಳಗಿನವರು ಎಂದು ನಾವು ಆಡುವ ಭೇದ ಮಳೆಗೆ ಒಂದು ಗೇಣು ಅಗಲದ್ದು. ಅದನ್ನು ದಾಟಿಯೇ ಪುಟ್ಟಬಸಪ್ಪ ಕೆಳಗಿನವರ ಕಷ್ಟಕ್ಕೆ ಹೆಗಲು ಕೊಟ್ಟನು.

ಪ್ರಯಾಣ ಸಾಂಗವಾದೀತೋ, ಅರ್ಧ ಘಟ್ಟದಿಂದಲೇ ಹಿಂದಿರುಗಬೇಕಾದೀತೋ, ಅದು ಶಿವಚಿತ್ತ. ಸಿದ್ಧತೆಯಲ್ಲಿಯೇ ನಮಗೆ ದೊರೆತದ್ದು ಬಹಳ. ಮೂರು ಮನೆಯವರು ಒಬ್ಬರ ಕಾಯಿಲೆಯನ್ನು, ಒಬ್ಬರ ಭಯವನ್ನು, ಒಬ್ಬಳ ಆಸೆಯನ್ನು ಎದುರಿಗಿಟ್ಟುಕೊಂಡು, ಯಾರನ್ನೂ ಬಿಡದೆ ಹೋಗುವ ದಾರಿಯನ್ನು ಹುಡುಕಿದ್ದೇವೆ. ಬೇರೆ ಊರುಗಳ ಶರಣಬಂಧುಗಳೂ ತಮ್ಮ ಮಕ್ಕಳೊಡನೆ ಕುಳಿತು ಇಂಥದೊಂದು ದಾರಿಯನ್ನು ಯೋಚಿಸಬಾರದೇಕೆ? ಬೆಟ್ಟವೇ ಬೇಕೆಂದಿಲ್ಲ. ಸಮೀಪದ ಶರಣಕ್ಷೇತ್ರಕ್ಕೆ ಒಂದು ದಿನದ ಸೈಕಲ್ ದಾರಿಯಾದರೂ ಸಾಕು. ನಿಧಾನವಾದವರನ್ನು ಮುಂದೆ ಬಿಟ್ಟು ಹೊರಡಿರಿ.